ಒಳಒಲೆಯವರನ್ನು ಬಿಟ್ಟು ಕೂಗಿದ ಪಟ್ಟಿ

ಉರಿಮಾಸ, ಶುದ್ಧ ನಲವತ್ತೊಂದನೆಯ ದಿನ
ಕಲ್ಲಗುಡಿ, ಎರಡು ಹೊಳೆಗಳ ನಡುವಿನ ಸೀಮೆ

ಮನೆಪಟ್ಟಿಯ ಪ್ರೋಗ್ರಾಮನ್ನು ಬರೆದ ಹಿಂದಿನವರಿಗೆ ಕಲ್ಲಗುಡಿಯ ನೀಲಗಂಗವ್ವನ ಶರಣಾರ್ಥಿ.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಪಂಚಾಂಗದಲ್ಲಿ ಪಕ್ಷಕ್ಕೆ ಹದಿನೈದೇ ದಿನ ಎಂದು ಬಲ್ಲೆ. ನಮ್ಮಲ್ಲೂ ಹನ್ನೆರಡು ತಿಂಗಳು ಹಾಗೆಯೇ ನಡೆಯುತ್ತವೆ. ಹದಿಮೂರನೆಯದಾದ ಉರಿಮಾಸಕ್ಕೆ ಮಾತ್ರ ಕೊನೆಯ ದಿನವನ್ನು ಯಾರೂ ಗೊತ್ತುಮಾಡಿಲ್ಲ. ಪಡುವಣ ಗಾಳಿ ತಿರುಗಿದ ದಿನ ಅದು ಮುಗಿಯಿತು ಎಂದು ಲೆಕ್ಕ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮಿಸಿ. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ಈಗ ಐವತ್ತು ದಾಟುತ್ತಿದೆ. ನಿಮ್ಮ ಕಾಲದ ಮಾತು ನನಗೆ ಪುಸ್ತಕದಿಂದ ಬಂದದ್ದು. ಆದರೆ ಈ ಕಾಗದದಲ್ಲಿರುವ ಸಿಟ್ಟಿಗೆ ಕ್ಷಮೆ ಕೇಳುವುದಿಲ್ಲ.

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದರೆ, ನಮ್ಮಲ್ಲಿ ಹಿನ್ನಂಚೆ ಎಂಬುದಿದೆ, ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಸೀಮೆಗೆ ವರ್ಷಕ್ಕೆ ಒಂದೇ ಕಾಗದ, ಯಾರ ಚೀಟಿ ಬೀಳುತ್ತದೋ ಅವರದ್ದು. ಇದರಿಂದ ನಮ್ಮ ಕಾಲ ಬದಲಾಗುವುದಿಲ್ಲವಂತೆ, ಬೇರೆ ಯಾರದ್ದೋ ಬದಲಾದೀತಂತೆ. ಈ ವರ್ಷ ನನ್ನ ಚೀಟಿ ಬಿತ್ತು. ಊರಿನವರೆಲ್ಲ ಗಿಡ ಉಳಿಸಲು ಹೇಳು, ಹೊಳೆಯ ಮರಳು ಬಿಡಲು ಹೇಳು ಎಂದರು. ಒಳ್ಳೆಯ ಮಾತುಗಳೇ. ಆದರೆ ಆ ಮಾತುಗಳನ್ನು ನಮ್ಮ ಹಿಂದಿನವರು ನಲವತ್ತು ಸಲ ಬರೆದು ಕಳಿಸಿದ್ದಾರೆ. ನನ್ನ ಕಾಗದ ಅಷ್ಟು ದೊಡ್ಡದಲ್ಲ. ನೀವು ಬರೆದ ಒಂದೇ ಒಂದು ಗೆರೆಯ ಬಗ್ಗೆ.

ಮೊದಲು ನಮ್ಮ ಬದುಕನ್ನು ಸ್ವಲ್ಪ ಹೇಳಬೇಕು. ಉರಿಮಾಸದಲ್ಲಿ ಕೆಲವು ದಿನ ಕೆಂಡದ ದಿನಗಳು. ಅಂಥ ದಿನ ಸೂರ್ಯ ಏರಿದ ಮೇಲೆ ಮನೆಯೊಳಗೂ ಮನುಷ್ಯ ಬದುಕುವುದು ಕಷ್ಟ. ಹಕ್ಕಿ ಹಾರುವಾಗಲೇ ಬೀಳುತ್ತದೆ. ಹಿಂದೆ ನಮ್ಮ ಸೀಮೆಯವರು ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರಲ್ಲ, ಅದನ್ನೇ ಈಗ ಆಳ ಮಾಡಿ, ಕಲ್ಲು ಕಟ್ಟಿ, ಮನುಷ್ಯರು ಕೂಡುವಂತೆ ಮಾಡಿದ್ದೇವೆ. ನಮ್ಮ ಊರಿಗೆ ಎರಡು ಹಗೇವು, ಬಡಗಣದ್ದು ಮತ್ತು ತೆಂಕಣದ್ದು. ಕೆಂಡದ ದಿನ ಹಿಂದಿನ ಸಂಜೆಯೇ ಗಾಳಿ ನೋಡುವವರು ಸಾರುತ್ತಾರೆ. ಬೆಳಗಿನ ಜಾವ ಎಲ್ಲರೂ ಬಿಳಿ ಮುಸುಕು ಹೊದ್ದು ಬಾಗಿಲಲ್ಲಿ ನಿಲ್ಲಬೇಕು. ಕಂಬದ ಮೇಲಿನ ಯಂತ್ರ ಒಬ್ಬೊಬ್ಬರ ಹೆಸರು ಕೂಗುತ್ತದೆ. ಹೆಸರು ಬಂದವರು ತಮ್ಮ ಹಗೇವಿಗೆ ಇಳಿಯಬೇಕು. ಒಳಗಿನ ಗಾಳಿ, ನೀರು ಎಲ್ಲವೂ ತಲೆಗೆ ಇಷ್ಟು ಎಂದು ಅಳೆದದ್ದು, ಅದಕ್ಕೆ ಹೋದ ವರ್ಷ ಉರಿಮಾಸಕ್ಕೆ ಮುಂಚೆ ಎಣಿಕೆಬಾಗಿಲು ಕೂಡಿಸಿದರು, ಅಲ್ಲಿಯವರೆಗೆ ಹೆಸರು ಬರದವರೂ ಮನೆಯವರ ಹಿಂದೆ ಇಳಿದುಬಿಡುತ್ತಿದ್ದರು. ಕೂಗಿದ ಹೆಸರಿನಷ್ಟೇ ಮಂದಿ ಒಳಗೆ ಬಂದರೆ ಅದು ಮುಚ್ಚುತ್ತದೆ. ಒಬ್ಬರು ಹೆಚ್ಚಾದರೂ ಮುಚ್ಚುವುದಿಲ್ಲ. ಒಬ್ಬರಿಗಾಗಿ ಬಾಗಿಲು ತೆರೆದೇ ಉಳಿದರೆ ಒಳಗಿನ ಇನ್ನೂರೂ ಮಂದಿ ಬೇಯುತ್ತಾರೆ. ಹೀಗಾಗಿ ಕರೆಯದೆ ಯಾರೂ ಇಳಿಯುವುದಿಲ್ಲ. ಅದು ನಮ್ಮಲ್ಲಿ ಮರ್ಯಾದೆಯ ಮಾತೂ ಹೌದು. ಕರೆಯದ ಮನೆಗೆ ಹೋಗಿ ಎಲೆಯ ಮುಂದೆ ಕೂತವನನ್ನು ನೀವೂ ಮೆಚ್ಚುತ್ತಿರಲಿಲ್ಲ.

ಆ ಹೆಸರು ಕೂಗುವ ಪ್ರೋಗ್ರಾಮ್ ನಿಮ್ಮದು. ನಿಮ್ಮ ಕಾಲದಲ್ಲಿ ಯಾವುದೋ ಕಚೇರಿಗೆ ಮನೆಮನೆಯ ಮಂದಿಯನ್ನು ಬರೆದಿಡಲು ಅದನ್ನು ಬರೆದಿದ್ದಿರಿ. ಕಚೇರಿ ಹೋಯಿತು, ಪ್ರೋಗ್ರಾಮ್ ಉಳಿಯಿತು. ಮೊದಲು ಜೋಳ ಹಂಚಲು, ಆಮೇಲೆ ಜ್ವರದ ಔಷಧಿಗೆ, ಈಗ ಹಗೇವಿಗೆ ಅದನ್ನೇ ಓಡಿಸುತ್ತೇವೆ. ನಾನು ಹನ್ನೆರಡು ವರ್ಷದಿಂದ ಊರಿನ ಕರೆಗಾರ್ತಿ. ಅಂದರೆ ಹುಟ್ಟಿದವರ ಹೆಸರು ಸೇರಿಸುವುದು, ಸತ್ತವರ ಹೆಸರು ತೆಗೆಯುವುದು, ಪಟ್ಟಿಯನ್ನು ಓಡಿಸುವುದು ನನ್ನ ಕೆಲಸ. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸದೆ ನಾನು ಯಂತ್ರವನ್ನು ಮುಟ್ಟಿದವಳಲ್ಲ. ಜನರ ಹೆಸರು ಅದರಲ್ಲಿವೆ ಎಂಬ ಭಯಭಕ್ತಿಯಿಂದ ಮುಟ್ಟಿದ್ದೇನೆ.

ಹೋದ ವರ್ಷ ಬಂದದ್ದು ಒಂದೇ ಕೆಂಡದ ದಿನ, ಅವತ್ತು ನನ್ನ ವಾರಗಿತ್ತಿ ಅಮರವ್ವನನ್ನು ನಿಮ್ಮ ಪಟ್ಟಿ ಕರೆಯಲಿಲ್ಲ.

ಅಮರವ್ವ ನನ್ನ ಮೈದುನನ ಹೆಂಡತಿ, ಮಕ್ಕಳಿಲ್ಲದವಳು. ಮೈದುನ ತೀರಿಕೊಂಡ ಮರುವರ್ಷ ನಮ್ಮಿಬ್ಬರ ನಡುವೆ ಮಾತು ಬಂತು. ಬೀಗರು ಉಣ್ಣಲು ಕೂತಾಗ, ಆಕೆ ಬಡಿದ ರೊಟ್ಟಿಯನ್ನು ಹಸಿ ಎಂದು ನಾನು ಎಲ್ಲರೆದುರು ಅಂದುಬಿಟ್ಟೆ. ಅಂದೇ ಸಂಜೆ ಆಕೆ ಹಿಂದಿನ ಕೋಣೆಯಲ್ಲಿ ಮೂರು ಕಲ್ಲು ಹೂಡಿ ತನ್ನ ಒಲೆ ಬೇರೆ ಮಾಡಿಕೊಂಡಳು. ಅಲ್ಲಿಂದ ನಮಗೆ ಮಾತಿಲ್ಲ. ಇಂಥದ್ದು ನಮ್ಮ ಸೀಮೆಯಲ್ಲಿ ನಡೆಯುವ ಮಾತೇ. ಇದಕ್ಕೆ ಒಳಒಲೆ ಎನ್ನುತ್ತೇವೆ. ಸೂರು ಒಂದು, ತಲೆಬಾಗಿಲು ಒಂದು, ದೇವರ ಜಗಲಿ ಒಂದು, ಒಲೆ ಮಾತ್ರ ಎರಡು. ಒಳಒಲೆಯವರನ್ನು ಬೇರೆ ಮನೆ ಎಂದು ಬರೆಸುವುದು ಮನೆತನ ಮುರಿದಂತೆ, ಯಾರೂ ಒಪ್ಪುವುದಿಲ್ಲ. ಅದಕ್ಕೆ ಪಟ್ಟಿಯಲ್ಲಿ, ಮನೆಯ ಮಂದಿಯ ಹೆಸರುಗಳ ನಡುವೆಯೇ, ಒಬ್ಬ ಮನುಷ್ಯನ ಹೆಸರು ಇರಬೇಕಾದ ಜಾಗದಲ್ಲಿ, ಒಂದು ಒಲೆಯನ್ನು ಇಟ್ಟು ಅದರೊಳಗೆ ಅವರ ಹೆಸರು ಬರೆಯುತ್ತೇವೆ. ನಮ್ಮ ಹಿರಿಯರು ಹಾಗೆ ರೂಢಿ ಮಾಡಿದರು. ಯಂತ್ರ ಒಂದು ಮಾತೂ ಆಡದೆ ತೆಗೆದುಕೊಂಡಿತು. ನಾನೂ ಹಾಗೆಯೇ ಬರೆದೆ.

ಅವತ್ತು ತೆಂಕಣ ಹಗೇವಿಗೆ ನನ್ನ ಹೆಸರು ಬಂತು, ನನ್ನ ಗಂಡನ ಹೆಸರು ಬಂತು, ನಾವು ಇಳಿದೆವು. ಒಳಗೆ ಅಮರವ್ವ ಕಾಣಲಿಲ್ಲ. ಎಲ್ಲರೂ ಮುಸುಕಿನಲ್ಲಿದ್ದರು. ಬಡಗಣದ್ದರಲ್ಲಿ ಕೂತಿರಬೇಕು, ನನ್ನ ಮುಖ ನೋಡುವುದು ಬೇಡವೆಂದು, ನನಗೆ ಹೇಳದೆ, ಯಂತ್ರ ನೋಡುವ ಹಿರಿಯರ ಕೈಯಲ್ಲಿ ಹಾಗೆ ಬರೆಸಿಕೊಂಡಿರಬೇಕು ಎಂದುಕೊಂಡೆ. ಯಂತ್ರ ಎಲ್ಲರೂ ಬಂದರು ಎಂದಿತು. ಬಾಗಿಲು ಮುಚ್ಚಿತು. ಲೆಕ್ಕ ಸರಿಯಿತ್ತು.

ಸಂಜೆ ಮನೆಗೆ ಬಂದರೆ ಆಕೆ ಬಚ್ಚಲಲ್ಲಿ ಬಿದ್ದಿದ್ದಳು. ಹಂಡೆಯ ನೀರನ್ನು ಸೀರೆಗೆ ಸುರಿದು ಸುತ್ತಿಕೊಂಡಿದ್ದಳು, ಸೀರೆ ಒಣಗಿ ಹಪ್ಪಳದಂತಾಗಿತ್ತು. ಜೀವ ಇತ್ತು, ಅದು ಶಿವನ ದಯೆ. ಬಾಯಿ ತೆರೆಯಲು ಒಂಬತ್ತು ದಿನ ಬೇಕಾಯಿತು. ಮೊದಲ ಮಾತು, “ನನ್ನ ಹೆಸರ ಕರೀಲಿಲ್ಲ.” ಅಷ್ಟೇ. ಬೆಳಗ್ಗೆ ಮುಸುಕು ಹೊದ್ದು ಹಿಂದಿನ ಬಾಗಿಲಲ್ಲಿ ನಿಂತಿದ್ದಳಂತೆ, ಕರೆಯುತ್ತಾರೆ ಎಂದು. ವೈದ್ಯೆ ನೋಡಿ, ಮೂತ್ರಪಿಂಡ ಸುಟ್ಟಂತಾಗಿದೆ, ಇನ್ನೊಂದು ಕೆಂಡದ ದಿನ ಹೊರಗುಳಿದರೆ ಮರುದಿನ ನನ್ನನ್ನು ಕರೆಸಬೇಡಿ ಎಂದಳು. ಪಕ್ಕದ ಹೊಸಳ್ಳಿಯಲ್ಲಿ ಅದೇ ದಿನ ಒಳಒಲೆಯ ಮುದುಕನೊಬ್ಬ ತೀರಿಕೊಂಡ. ಅವನನ್ನೂ ಕರೆದಿರಲಿಲ್ಲ.

ನಾಲ್ಕು ತಿಂಗಳು ನಾವು ಬಾಗಿಲನ್ನು ಬೈದೆವು. ಹೊಸದು ಬಾಗಿಲೇ ತಾನೆ, ಎರಡು ಸಲ ಬಿಚ್ಚಿ ಕಟ್ಟಿದೆವು. ಅದರದ್ದು ತಪ್ಪಿರಲಿಲ್ಲ, ಅದು ಪಟ್ಟಿ ಹೇಳಿದಷ್ಟನ್ನೇ ಎಣಿಸಿತ್ತು. ಆಮೇಲೆ ನಾನು ಪಟ್ಟಿಯೊಳಗೆ ಕೈಹಾಕುತ್ತೇನೆ ಎಂದೆ. ಊರಿನ ಯಂತ್ರಗಳನ್ನು ನೋಡಿಕೊಳ್ಳುವ ಹಿರಿಯ ಸೂಗಪ್ಪ ಕಾಕಾ ಹೌಹಾರಿದ.

“ಯವ್ವಾ ನೀಲಾ, ಅದು ಮುತ್ತ್ಯಾರ ಕಾಲದಿಂದ ನಡಕೊಂತ ಬಂದೈತಿ. ನೀ ಒಂದು ತಿದ್ದಾಕ ಹೋಗಿ ಇಡೀ ಊರನ್ನ ಹೊರಗ ನಿಲ್ಲಸೀದಿ!”

“ನಡದೈತಿ ಕಾಕಾ, ಅಮರವ್ವನ ಮ್ಯಾಲೇ ನಡದೈತಿ.”

“ಅದಕ್ಕ್ಯಾಕ ಇಷ್ಟು ತಲಿ ಕೆಡಸ್ಕೋತಿ? ಅಕೀನ್ನ ಬ್ಯಾರೆ ಮನಿ ಅಂತ ಬರದುಬಿಡು. ಒಂದ ಹೆಬ್ಬೆಟ್ಟಿನ ಕೆಲಸ.”

ಪಟ್ಟಿಯಲ್ಲಿ ಯಾರನ್ನೇ ಅಲುಗಿಸಬೇಕಾದರೂ ಅವರ ಹೆಬ್ಬೆಟ್ಟು ಬೇಕು. ಕಾಕಾ ತಾನೇ ಅಮರವ್ವನ ಬಾಗಿಲಿಗೆ ಹೋಗಿ ಕೇಳಿದ. ಆಕೆ ಹಾಸಿಗೆಯಿಂದಲೇ ಸಿಡಿದಳು, “ನಾ ಈ ಮನಿ ಸೊಸಿ, ಕಾಕಾ. ಬ್ಯಾರೆ ಮನಿ ಅಂತ ಬರಸಿದ್ರ ನಾಳೆ ನನ್ನ ಹೆಣಕ್ಕ ಹೆಗಲು ಕೊಡಾವ್ರು ಯಾರು, ನಿನ್ನ ಯಂತ್ರ ಬರತೈತೇನು?” ಹಾಗಾದರೆ ನೀಲಗಂಗವ್ವನ ಒಲೆಗೇ ಸೇರಿಸಲೇ ಎಂದರೆ, “ಪಟ್ಟಿ ಸಲುವಾಗಿ ಅಕಿ ರೊಟ್ಟಿ ತಿನ್ನಂಗಿಲ್ಲ. ಉರದು ಹೋಗತೀನಿ” ಎಂದಳು. ನಾನು ಗೋಡೆಯಾಚೆ ಕೂತು ಕೇಳಿದೆ. ಸಿಟ್ಟೂ ಬಂತು. ಆದರೂ ಆಕೆ ಹೇಳಿದ್ದು ಸುಳ್ಳಲ್ಲ. ಇರುವ ಮನುಷ್ಯಳನ್ನು ಇರುವ ಜಾಗದಲ್ಲಿಯೇ ಕರೆಯಲಾಗದಿದ್ದರೆ ಅದೆಂಥ ಪಟ್ಟಿ?

ಹೀಗೆ ನಾನು ನಿಮ್ಮ ಭಾಷೆ ಕಲಿಯಲು ಕೂತೆ. ಏಳು ತಿಂಗಳು. ಕಣ್ಣು ನೋವು, ತಲೆ ನೋವು, ಪೂಜೆಗೆ ಕೂತರೂ ಅದೇ ಧ್ಯಾನ. ಶಿವಾ, ಲಿಂಗದ ಮೇಲೆ ಕಣ್ಣಿಟ್ಟರೆ ಪುಷ್ಪದ ಬದಲು ನಿಮ್ಮ ಆವರಣಚಿಹ್ನೆ ಕಾಣುತ್ತಿತ್ತು. ನಾವು ಆ ಭಾಷೆಯನ್ನು ಕಟ್ಟುಭಾಷೆ ಎನ್ನುತ್ತೇವೆ. ಅದರಲ್ಲಿ ಪ್ರತಿ ಡಬ್ಬಿಯ ಮೇಲೂ ಒಳಗೇನಿದೆ ಎಂದು ಮೊದಲೇ ಚೀಟಿ ಹಚ್ಚಬೇಕು. ಬೇಳೆ ಎಂದು ಹಚ್ಚಿದ ಡಬ್ಬಿಗೆ ಸೀಗೆಪುಡಿ ಹಾಕಲು ಹೋದರೆ, ಪ್ರೋಗ್ರಾಮ್ ಓಡುವ ಮುನ್ನವೇ ತಪಾಸಣಿ ಕೈ ಹಿಡಿಯುತ್ತದೆ. ತಪಾಸಣಿ ಎಂದರೆ ನೀವು ಕಂಪೈಲರ್ ಎನ್ನುತ್ತಿದ್ದಿರಂತೆ, ಅದೇ. ನಿಮ್ಮ ಪಟ್ಟಿ ಹೀಗಿತ್ತು. ಮೊದಲು ಊರುಗಳ ಸಾಲು. ಒಂದೊಂದು ಊರಿಗೂ ಗೋಡೆಯ ಗೂಡುಗಳಂತೆ ಗೂಡುಗಳು, ಒಂದೊಂದು ಗೂಡಿನ ಮೇಲೂ ಒಂದು ಓಣಿಯ ಹೆಸರು. ಆ ಗೂಡಿನೊಳಗೆ ಮತ್ತೆ ಗೂಡುಗಳು, ಅವುಗಳ ಮೇಲೆ ಮನೆಯ ಹೆಸರು. ಮನೆಯ ಗೂಡಿನೊಳಗೆ ಮನುಷ್ಯರ ಸಾಲು. ಸುತ್ತಿನೊಳಗೆ ಸುತ್ತು ಹಾಕುತ್ತ, ಊರು ಹಿಡಿದು ಓಣಿ, ಓಣಿ ಹಿಡಿದು ಮನೆ, ಮನೆ ಹಿಡಿದು ಮನುಷ್ಯ ಎಂದು ನಡೆಯುತ್ತ ಹೋಗಬೇಕು. ಗುಡಿಯಿಂದ ಪ್ರಸಾದ ಹಂಚಲು ಹೊರಟವಳು ನಡೆಯುವ ಹಾಗೆ. ಅಲ್ಲಿಯವರೆಗೆ ನಿಮ್ಮ ಕೆಲಸ ಚೊಕ್ಕವಾಗಿದೆ. ನಾನು ಮೆಚ್ಚಿಕೊಂಡೇ ಓದಿದೆ.

ಕೊನೆಯ ಸುತ್ತಿಗೆ ಬಂದಾಗ ಕೈ ನಿಂತಿತು. ಮನೆಯ ಡಬ್ಬಿಯ ಮೇಲೆ ಮನುಷ್ಯರು ಎಂಬ ಚೀಟಿ ಇರಲಿಲ್ಲ. ಇತ್ತು, ನೀವೇ ಕಿತ್ತಿದ್ದಿರಿ, ಹಳೆಯ ಪ್ರತಿಯಲ್ಲಿ ಗುರುತಿದೆ. ಅದರ ಬದಲು ‘ಏನಾದರೂ’ ಎಂದು ಹಚ್ಚಿದ್ದಿರಿ. ಸುತ್ತಿನೊಳಗೆ ಹೀಗೆ ಬರೆದಿದ್ದಿರಿ, ಕೈಗೆ ಬಂದದ್ದು ಮನುಷ್ಯನಾದರೆ ಕರೆ, ಅಲ್ಲವಾದರೆ ಮುಂದಕ್ಕೆ ನಡೆ. ಅದರ ಮೇಲೆ ನಿಮ್ಮ ಕೈಯ ಟಿಪ್ಪಣಿ, “ಸದ್ಯಕ್ಕೆ ಹೀಗೇ ಇರಲಿ, ಆಮೇಲೆ ಸರಿಮಾಡುತ್ತೇನೆ.”

ಸದ್ಯಕ್ಕೆ!

ಏನಾಗಿತ್ತು ಎಂದು ನಾನು ಊಹಿಸಬಲ್ಲೆ. ನಿಮ್ಮ ಕಾಲದಲ್ಲೂ ಯಾರೋ ಮನೆಯೊಳಗೆ ಮನುಷ್ಯನಲ್ಲದ್ದೊಂದನ್ನು ಬರೆದಿರಬೇಕು, ಬಾಡಿಗೆಯವರ ಇನ್ನೊಂದು ಸಾಲನ್ನೋ ಏನೋ. ತಪಾಸಣಿ ಇದು ಏನು, ಇದನ್ನು ಏನು ಮಾಡಲಿ ಎಂದು ಕೇಳಿರಬೇಕು. ಸಂಜೆಯೊಳಗೆ ಕೆಲಸ ಮುಗಿಸಬೇಕಿತ್ತು ನಿಮಗೆ. ಅದರ ಬಾಯಿಗೆ ಬಟ್ಟೆ ತುರುಕಿದಿರಿ. ಮನೆಯ ಹಿರಿಯಳು ಉಪ್ಪಿನ ಡಬ್ಬಿಯಲ್ಲಿ ಏನೋ ಬಿದ್ದಿದೆ ನೋಡು ಎಂದು ಕೂಗಿದರೆ ಕಿವಿ ಕೇಳದವಳಂತೆ ಸಾರು ಇಳಿಸಿದಂತೆ ನೀವು ಮಾಡಿದ್ದು. ನೀವು ತಪ್ಪು ಮಾಡಿದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ತಪ್ಪು ಯಾರು ಮಾಡುವುದಿಲ್ಲ? ತಪ್ಪು ಸದ್ದು ಮಾಡದಂತೆ ಮಾಡಿದಿರಲ್ಲ, ಅದಕ್ಕೆ ಸಿಟ್ಟು. ಕರೆ ನಿಂತು ಹೋಗಿದ್ದರೆ, ಯಂತ್ರ ಒಡೆದು ಬಿದ್ದಿದ್ದರೆ, ನಾವು ಮೊದಲ ವರ್ಷವೇ ನೋಡುತ್ತಿದ್ದೆವು. ಅದು ಸುಮ್ಮನೆ ದಾಟಿ ಹೋಗಿ, ಎಲ್ಲರೂ ಬಂದರು ಎಂದು ಸುಳ್ಳು ಹೇಳಿತು. ಜೋಳಕ್ಕೂ ಹೀಗೇ ದಾಟಿತ್ತು, ಔಷಧಿಗೂ ದಾಟಿತ್ತು. ಆಗ ಒಳಒಲೆಯವರು ಹೊರಒಲೆಯಿಂದ ಇಸಿದುಕೊಂಡು ನಡೆಸಿದ್ದರು, ಯಾರೂ ಬಾಯಿ ಬಿಟ್ಟಿರಲಿಲ್ಲ.

ತಪ್ಪು ಸಿಕ್ಕಿತು, ಇನ್ನೇನು ಒಂದು ದಿನದ ಕೆಲಸ ಎಂದುಕೊಂಡೆ. ಉರಿಮಾಸ ಹುಟ್ಟಿತ್ತು. ಮೊದಲು ನಿಮ್ಮ ಗೆರೆಯನ್ನು ಕಿತ್ತು, ಬಂದದ್ದನ್ನೆಲ್ಲ ಮನುಷ್ಯ ಎಂದೇ ಹಿಡಿ ಎಂದು ಬರೆದೆ. ಸುಳ್ಳು ಕರೆಯೊಂದನ್ನು ಓಡಿಸಿ ನೋಡಿದರೆ ಅಗಸಿ ಓಣಿಯ ನಾಲ್ಕನೆಯ ಮನೆಯಲ್ಲಿ, ಅಂದರೆ ನಮ್ಮದೇ ಮನೆಯಲ್ಲಿ, ಒಲೆ ಸಿಕ್ಕಿ ಯಂತ್ರ ಧೊಪ್ಪನೆ ನಿಂತಿತು. ಮುಂದಿನ ನೂರಾರು ಮಂದಿಯ ಹೆಸರೇ ಇಲ್ಲ. ಸೂಗಪ್ಪ ಕಾಕಾ ಹಿಂದೆಯೇ ನಿಂತಿದ್ದ, “ನಾ ಏನಂದಿದ್ದೆ?” ಎಂದ. ಒಲೆ ಎಂದು ಹಿಡಿದರೆ ಮೊದಲ ಮನುಷ್ಯನಲ್ಲೇ ನಿಂತಿತು. ಕಾಕಾನೇ ಆಮೇಲೆ, “ಇನ್ನೊಂದು ಸುತ್ತು ಹೆಚ್ಚಿಗಿ ಹಾಕು, ಒಲಿ ಸಿಕ್ಕರ ಅದರೊಳಗ ತಿರುಗಲಿ” ಎಂದ. ಹಾಕಿದೆ. ನಮ್ಮ ಊರು ಪೂರ್ತಿ ಬಂತು, ಅಮರವ್ವನ ಹೆಸರೂ ಬಂತು. ಬೆಲ್ಲ ಹಂಚಬೇಕು ಅನ್ನುವಷ್ಟರಲ್ಲಿ ಹೊಸಳ್ಳಿಯ ಕರೆಗಾರ್ತಿ ಹೇಳಿ ಕಳಿಸಿದಳು. ಅಲ್ಲಿ ಒಳಒಲೆಯೊಳಗೆ ಇನ್ನೊಂದು ಒಳಒಲೆಯಿದೆ, ಅತ್ತೆಯಿಂದ ಬೇರಾದವಳಿಂದ ಆಕೆಯ ಸೊಸೆ ಬೇರಾಗಿದ್ದಾಳೆ. ಅವಳ ಹೆಸರು ಬಂದಿಲ್ಲ. ಹಾಗಾದರೆ ಇನ್ನೊಂದು ಸುತ್ತೇ? ಅವಳಿಗೂ ಸೊಸೆ ಬಂದರೆ? ಹೆಂಗಸರ ಸಿಟ್ಟು ಎಷ್ಟು ಆಳ ಹೋಗುತ್ತದೆ ಎಂದು ಯಾರು ಮೊದಲೇ ಎಣಿಸಿ ಸುತ್ತು ಹಾಕಬಲ್ಲರು?

ಉರಿಮಾಸ ಇಪ್ಪತ್ತನೆಯ ದಿನ ಅದು. ಕೆಂಡದ ದಿನ ಯಾವತ್ತು ಬೇಕಾದರೂ ಸಾರಬಹುದಿತ್ತು. ನಾನು ಯಂತ್ರದ ಅಕ್ಷರ ಒತ್ತುವ ಹಲಗೆಯನ್ನು ನಡುಮನೆಯಲ್ಲಿ ಕುಕ್ಕಿ, ಶಿವನನ್ನೂ ಬಿಡದೆ ಬೈದು, ಅತ್ತುಬಿಟ್ಟೆ. ಎಷ್ಟು ಒಲೆಯೊಳಗೆ ಎಷ್ಟು ಒಲೆ ನೋಡಲಿ ಎಂದು ಜೋರಾಗಿಯೇ ಅಂದೆ. ಹಿಂದಿನ ಕೋಣೆಯಿಂದ, ಮೂರು ವರ್ಷದಲ್ಲಿ ಮೊದಲ ಸಲ, ನನಗೆಂದೇ ಒಂದು ಮಾತು ಬಂತು.

“ಎಣಸ್ತೀ ಯಾಕ? ಎದುರಿಗಿ ಬಂದಾಕಿನ್ನ ಕೇಳು, ನೀ ಮನುಷ್ಯಾಳೋ ಒಲೀಯೋ ಅಂತ. ಮನುಷ್ಯಾಳಾದ್ರ ಹೆಸರ ಕೂಗು. ಒಲಿ ಆದ್ರ ಒಳಗ ಹೋಗು, ಒಳಗೂ ಇದನ್ನ ಕೇಳು. ಹೊಸ್ತಲದಾಗ ನಿಂತು ಎಣಿಸಿದ್ರ ಏನು ತಿಳೀತೈತಿ?”

ನಾನು ಕಣ್ಣು ಒರೆಸಿಕೊಂಡು ಹಲಗೆಯನ್ನು ಎತ್ತಿಕೊಂಡೆ. ಆಕೆಗೆ ಅಕ್ಷರ ಬರುವುದಿಲ್ಲ. ಏಳು ತಿಂಗಳು ನಾನು ಓದಿದ ಪುಸ್ತಕದಲ್ಲಿ ಇದೇ ಮಾತು ನಲವತ್ತು ಪುಟದಲ್ಲಿತ್ತು, ನನ್ನ ತಲೆಗೆ ಹೋಗಿರಲಿಲ್ಲ. ‘ಏನಾದರೂ’ ಎಂಬ ಚೀಟಿಯನ್ನು ಕಿತ್ತೆ. ಹೊಸ ಚೀಟಿ ಬರೆದೆ. ಮನೆಯಲ್ಲಿರುವುದು ಒಂದೋ ಮನುಷ್ಯ, ಇಲ್ಲವೇ ಒಲೆ. ಒಲೆಯಲ್ಲಿರುವುದೂ ಇವೇ ಎರಡು, ಮೂರನೆಯದಿಲ್ಲ. ಕರೆಯುವ ಕೆಲಸ ಒಂದೇ, ಒಲೆ ಸಿಕ್ಕಲ್ಲಿ ಅದು ತನ್ನನ್ನೇ ಮತ್ತೆ ಒಳಗೆ ಕಳಿಸುತ್ತದೆ, ಎಷ್ಟು ಆಳವಿದ್ದರೂ.

ಚೀಟಿ ಹಚ್ಚಿದ ಕೂಡಲೇ ತಪಾಸಣಿ ಬಾಯಿಬಿಟ್ಟಿತು. ಅಷ್ಟು ಕಾಲ ಬಟ್ಟೆ ತುರುಕಿಸಿಕೊಂಡಿದ್ದ ಬಾಯಿ! ಮೂವತ್ತೇಳು ದೂರು. ಇಲ್ಲಿ ಒಲೆ ಬಂದರೆ ಏನು ಮಾಡಲಿ, ಅಲ್ಲಿ ಬಂದರೆ ಏನು ಮಾಡಲಿ ಎಂದು ಮೂವತ್ತೇಳು ಕಡೆ ಕೇಳಿತು. ತಲೆ ಎಣಿಸುವಲ್ಲಿ, ವಯಸ್ಸು ನೋಡುವಲ್ಲಿ, ಮುದುಕರನ್ನು ಬೇರೆ ತೆಗೆಯುವಲ್ಲಿ. ಅಷ್ಟೂ ಕಡೆ ನೀವು ಅದೇ ಗೆರೆಯನ್ನು ನಕಲು ಮಾಡಿ ಅಂಟಿಸಿದ್ದಿರಿ, ಟಿಪ್ಪಣಿಯ ಸಮೇತ. ಮೂವತ್ತೇಳು ಸದ್ಯಕ್ಕೆ. ದಿನಕ್ಕೆ ಎರಡೋ ಮೂರೋ ದೂರು ತೀರಿಸಿದೆ, ಕೆಲವು ದಿನ ಒಂದೇ. ಒಂದನ್ನು ತಿದ್ದಿದರೆ ಎರಡು ಹೊಸದು ಹುಟ್ಟಿದ ದಿನವೂ ಉಂಟು. ನಿಮಗೆ ಹಾಕಿದ ಶಾಪಗಳನ್ನು ಈ ಕಾಗದದಲ್ಲಿ ಬರೆಯುವುದಿಲ್ಲ, ನನ್ನ ಗುರುಗಳು ಒಪ್ಪುವುದಿಲ್ಲ.

ಕಡೆಯ ದೂರು ತೀರಿದ್ದು ಮೊನ್ನೆ ಮಧ್ಯಾಹ್ನ. ನಿನ್ನೆ ಸಂಜೆ ಸಾರಿದರು.

ಇವತ್ತು ಬೆಳಗಿನ ಜಾವ ಅಮರವ್ವ ಹಿಂದಿನ ಬಾಗಿಲಲ್ಲಿ ಮುಸುಕು ಹೊದ್ದು ಗೋಡೆ ಹಿಡಿದು ನಿಂತಿದ್ದಳು. ಕರೆಯದಿದ್ದರೆ ಒಂದು ಹೆಜ್ಜೆ ಇಡುವವಳಲ್ಲ. ನಾನು ಮುಂದಿನ ಬಾಗಿಲಲ್ಲಿದ್ದೆ, ಕೈಯಲ್ಲಿ ಲಿಂಗ. ಕಂಬದ ಯಂತ್ರ ಅಗಸಿ ಓಣಿಗೆ ಬಂತು. ಮೊದಲ ಮನೆ, ಎರಡು, ಮೂರು. ನಮ್ಮ ಮನೆ. ನನ್ನ ಗಂಡನ ಹೆಸರು, ನನ್ನ ಹೆಸರು. ಆಮೇಲೆ ಒಂದು ಚಣ ಏನೂ ಇಲ್ಲ. ಆ ಚಣದಲ್ಲಿ ನನ್ನ ಏಳು ತಿಂಗಳೂ ಹೋದವು. ಅದು ಒಳಗೆ ಹೋಗಿ ಕೇಳಿ ಬರಲು ತೆಗೆದುಕೊಂಡ ಹೊತ್ತು ಎಂದು ಈಗ ತಿಳಿಯುತ್ತದೆ. ಆಮೇಲೆ ಯಂತ್ರ, “ಅಮರವ್ವ, ತೆಂಕಣ ಹಗೇವು” ಎಂದಿತು.

ಆಕೆ ನನ್ನ ಮುಂದೆ ಹಾದು ನಡೆದಳು. ನಾನು ತೋಳು ಹಿಡಿಯಲು ಹೋದೆ, ಕೊಡವಿದಳು. ಮೆಟ್ಟಿಲನ್ನು ಒಂದೊಂದಾಗಿ ಕೂತು ಕೂತೇ ಇಳಿದಳು, ಹಿಂದೆ ನೂರು ಮಂದಿ ಕಾದರು. ಬಾಗಿಲು ಎಣಿಸಿತು, ಮುಚ್ಚಿತು. ಈ ಕಾಗದವನ್ನು ಹಗೇವಿನೊಳಗೇ ಕೂತು ಬರೆಯುತ್ತಿದ್ದೇನೆ. ಮೇಲೆ ನೆಲ ಸಿಡಿಯುವ ಸದ್ದು ಕೇಳುತ್ತಿದೆ. ಆಕೆ ನನ್ನೆದುರಿಗೆ, ನಾಲ್ಕು ಮಾರು ಆಚೆ, ಕಂಬಕ್ಕೆ ಒರಗಿದ್ದಾಳೆ. ಉಸಿರು ಚೆನ್ನಾಗಿದೆ.

ಈಗ ಸ್ವಲ್ಪ ಹೊತ್ತಿನ ಕೆಳಗೆ ಕೇಳಿದಳು, “ಯಾರಿಗಿ ಬರಿಯಾಕತ್ತೀದಿ, ಅಷ್ಟುದ್ದ?”

“ನಿನ್ನ ದಾಟಿ ಹೋದಾವ್ರಿಗೆ. ಬೈದು ಬರಿಯಾಕತ್ತೀನಿ.”

“ಅವ್ರು ಸತ್ತು ಮಣ್ಣಾಗಿ ಎಷ್ಟು ಕಾಲ ಆತು. ಅವ್ರಿಗೇನು ಗೊತ್ತು, ಅಮರವ್ವ ಅನ್ನಾಕಿ ಒಬ್ಬಾಕಿ ಹುಟ್ಟತಾಳಂತ?” ಎಂದಳು. ಸುತ್ತಲಿನ ಮಂದಿ ಕೇಳುತ್ತಿದ್ದರು. “ನಿನಗ ಗೊತ್ತಿತ್ತಲ್ಲಕ್ಕ. ಆವತ್ತು ಇಲ್ಲೇ ಕುಂತು, ಅಮರಿ ಎಲ್ಲಿ ಅಂತ ಯಾರನ್ನಾರ ಒಂದು ಮಾತು ಕೇಳಿದೇನು?”

ಕೇಳಿರಲಿಲ್ಲ. ಬಾಗಿಲು ಮುಚ್ಚುವ ಮುನ್ನ ಹೊತ್ತಿತ್ತು. ಆಕೆ ಕಾಣುತ್ತಿಲ್ಲ ಎಂದು ನನ್ನ ಕಣ್ಣು ನೋಡಿತ್ತು, ಯಂತ್ರ ಎಲ್ಲರೂ ಬಂದರು ಎಂದಿತು, ನನಗೆ ಅಷ್ಟೇ ಬೇಕಾಗಿತ್ತು. ನನ್ನ ಪಾಲನ್ನು ನಾನು ಹೊತ್ತುಕೊಳ್ಳಬೇಕು, ಅದನ್ನು ಈ ಕಾಗದದಲ್ಲಿ ನಿಮ್ಮ ಕಡೆ ದಾಟಿಸಲಾರೆ. ಆದರೆ ನನ್ನ ತಪ್ಪಿನಿಂದ ನಿಮ್ಮದು ಚಿಕ್ಕದಾಗುವುದೂ ಇಲ್ಲ.

ಆದ್ದರಿಂದ ಕೇಳುವುದು ಇಷ್ಟೆ. ನೀವು ಇನ್ನೂ ಬದುಕಿದ್ದೀರಿ, ಪ್ರೋಗ್ರಾಮ್ ನಿಮ್ಮೆದುರಿಗೇ ಇದೆ, ಬರೆದವರ ಕೈ ಇನ್ನೂ ಅದನ್ನು ಮರೆತಿಲ್ಲ. ನಾನು ಏಳು ತಿಂಗಳು ಅತ್ತು ಮಾಡಿದ್ದನ್ನು ನೀವು ಒಂದು ಬೆಳಗಿನಲ್ಲಿ ಮಾಡುತ್ತೀರಿ. ಆ ಗೆರೆಯನ್ನು ತೆಗೆಯಿರಿ. ತಪಾಸಣಿ ಇದು ಏನು ಎಂದು ಕೇಳಿದಾಗ ಎಷ್ಟೇ ಬೇಸರವಾದರೂ ಉತ್ತರ ಕೊಡಿ, ಬಾಯಿ ಮುಚ್ಚಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಯಂತ್ರ ನಿಲ್ಲಲಿ, ಒಡೆಯಲಿ, ಊರೆಲ್ಲ ಬಂದು ನಿಮ್ಮನ್ನು ಬೈಯಲಿ. ನಿಂತ ಯಂತ್ರವನ್ನು ಯಾರಾದರೂ ನೋಡುತ್ತಾರೆ.

ಶಿವನು ನಿಮಗೆ ತಂಪು ಕೊಡಲಿ. ಎಣ್ಣೆ ಕಡಿಮೆಯಾಗಿದೆ, ದೀಪ ಸಣ್ಣದಾಗುತ್ತಿದೆ. ಸಂಜೆ ಬಾಗಿಲು ತೆರೆಯಲು ಇನ್ನೂ ಐದು ತಾಸು. ಕಾಗದ ಮಡಿಸಿ ನಾನು ಎದ್ದು ಆ ಕಂಬದ ಹತ್ತಿರ ಹೋಗುತ್ತೇನೆ. ಸರಿದು ಜಾಗ ಕೊಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಕೇಳಿ ನೋಡುತ್ತೇನೆ.

ನೀಲಗಂಗವ್ವ
ಕಲ್ಲಗುಡಿಯ ಕರೆಗಾರ್ತಿ